ಓದತಕ್ಕ ಪ್ರಣಯ ಕಾದಂಬರಿಗಳು



ಪುತ್ತೂರು, ಸುಳ್ಯ, ಕಡಬ ಈ ಮೂರು ಊರುಗಳ ಸೀಮೆಯಲ್ಲಿ ಆಟಿ ತಿಂಗಳ ಮಳೆ ಹಿಡಿಯಿತೆಂದರೆ ತೋಟದ ಕೆಲಸ ನಿಲ್ಲುತ್ತದೆ, ಮನೆಮಂದಿಯೆಲ್ಲ ಜಗಲಿಗೆ ಸೇರುತ್ತಾರೆ. ಆಗ ಮನೆಯ ಹುಡುಗಿಯ ಕೈಯಲ್ಲಿ ಒಂದು ಕಾದಂಬರಿ, ಅದರಲ್ಲೂ ಪ್ರಣಯದ ಕಾದಂಬರಿ, ಕಾಣಿಸಿತೋ, ಹಿರಿಯರ ಹುಬ್ಬು ಗಂಟಿಕ್ಕುವುದುಂಟು. ಅದೇ ಹಿರಿಯರು ರಾತ್ರಿ ಕೊಡೆ ಹಿಡಿದುಕೊಂಡು ತಾಳಮದ್ದಳೆಗೆ ಹೋಗುತ್ತಾರೆ. ಅಣ್ಣನು ಗೊತ್ತುಮಾಡಿದ ವರನನ್ನು ಒಲ್ಲೆನೆಂದು ರುಕ್ಮಿಣಿಯು ತಾನಾಗಿಯೇ ಕೃಷ್ಣನಿಗೆ ಓಲೆ ಕಳುಹಿಸಿದ್ದು ನ್ಯಾಯವೋ ಅನ್ಯಾಯವೋ ಎಂದು ಅರ್ಥಧಾರಿಗಳು ವಾದಿಸುವುದನ್ನು ತಲೆದೂಗುತ್ತ ಕೇಳಿ ಬರುತ್ತಾರೆ. ಪುರಾಣದಲ್ಲಿ ಪೂಜ್ಯವಾದದ್ದು ಪುಸ್ತಕದಲ್ಲಿ ತ್ಯಾಜ್ಯವಾಗುವುದು ಹೇಗೆಂಬುದು ನಮಗೆ ಇದುವರೆಗೂ ತಿಳಿದಿಲ್ಲ.

ಇಂಗ್ಲಿಷಿನವರು ನಾವೆಲ್ ಎನ್ನುವುದನ್ನು ನಾವು ಕಾದಂಬರಿ ಎನ್ನುತ್ತೇವಷ್ಟೆ. ಮರಾಠಿಯವರ ಮಾತೂ ಇದೇ. ಈ ಹೆಸರು ಬಂದದ್ದು ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಾವ್ಯದಿಂದ. ಅದು ಅದರ ನಾಯಿಕೆಯ ಹೆಸರು. ಆ ಕಥೆಯನ್ನು ಬಾಣನು ಮುಗಿಸಲಿಲ್ಲ, ಅವನ ಮಗನು ಮುಗಿಸಿದನು. ನಾಗವರ್ಮನು ಅದನ್ನು ಹಳಗನ್ನಡ ಚಂಪುವಾಗಿ ನಮಗೆ ಕೊಟ್ಟನು. ಕಥೆಯಾದರೂ ಎಂಥದು? ಒಬ್ಬ ಋಷಿಕುಮಾರನು ವಿರಹದಿಂದ ಸಾಯುತ್ತಾನೆ, ಅವನನ್ನು ಪ್ರೀತಿಸಿದ ಮಹಾಶ್ವೇತೆ ಅಚ್ಛೋದ ಸರೋವರದ ದಡದಲ್ಲಿ ವೀಣೆ ಹಿಡಿದು ಕಾಯುತ್ತಾಳೆ. ಸತ್ತವನು ಗಿಳಿಯಾಗಿ ಹುಟ್ಟುತ್ತಾನೆ. ರಾಜಕುಮಾರನ ಶವವು ಕಾದಂಬರಿಯ ಕೈಯ ಸ್ಪರ್ಶದಿಂದ ಕೆಡದೆ ಉಳಿಯುತ್ತದೆ. ಹೀಗೆ, ಜನ್ಮಾಂತರ ದಾಟಿದ ಒಂದು ಅತಿಮಾನುಷ ಪ್ರಣಯದ ಹೆಸರನ್ನೇ ನಾವು ಇಡೀ ಸಾಹಿತ್ಯಪ್ರಕಾರಕ್ಕೆ ಇಟ್ಟುಕೊಂಡಿದ್ದೇವೆ. ಮೇಲೆ ಹೆಸರು ಅವಳದು, ಒಳಗೆ ಮಾತ್ರ ಅಂಥ ಕಥೆ ಕೂಡದು ಎಂದರೆ ಒಪ್ಪುವುದು ಕಷ್ಟ. ಇಂಗ್ಲೆಂಡಿನಲ್ಲಿಯೂ ಈ ಲಜ್ಜೆ ಇತ್ತು. ಕಾದಂಬರಿ ಓದುವುದನ್ನು ನಾಚಿಕೆಯ ಕೆಲಸವೆಂದು ಬಗೆಯುವವರನ್ನು ಜೇನ್ ಆಸ್ಟೆನ್ ಎಂಬ ಲೇಖಕಿ ‘ನಾರ್ದ್ಯಾಂಗರ್ ಅಬ್ಬೆ’ಯಲ್ಲಿ ನಗುನಗುತ್ತಲೇ ತರಾಟೆಗೆ ತೆಗೆದುಕೊಂಡಿದ್ದಾಳೆ.

ಹಾಗೆಂದು ಪ್ರಣಯವೆಂಬ ಹೆಸರು ಹೊತ್ತುದೆಲ್ಲ ಓದತಕ್ಕದ್ದೆಂದು ನಾವು ಹೇಳುವುದಿಲ್ಲ. ಆರಿಸುವುದಕ್ಕೆ ಒಂದು ಅಳತೆಗೋಲು ಬೇಕು. ಭಾಷೆ ಚೆನ್ನಾಗಿದೆಯೇ, ಪಾತ್ರ ಸಹಜವೇ ಎಂಬುವು ಎಲ್ಲ ಪುಸ್ತಕಗಳಿಗೂ ಕೇಳುವ ಪ್ರಶ್ನೆಗಳು. ಪ್ರಣಯದ ಕಾದಂಬರಿಗೆ ನಾವು ಕೇಳುವ ಪ್ರಶ್ನೆ ಬೇರೆ: ಈ ಕಥೆಯಲ್ಲಿ ಹೆಣ್ಣಿಗೆ ‘ಒಲ್ಲೆ’ ಎನ್ನಲು ಬಾಯಿ ಉಂಟೋ? ಒಲ್ಲೆನೆನ್ನಲಾರದವಳ ಒಲವಿಗೆ ಬೆಲೆ ಎಲ್ಲಿಯದು? ಬಾಯಿ ಇಲ್ಲದಿದ್ದರೆ, ಇಲ್ಲವೆಂಬ ನೋವಾದರೂ ಲೇಖಕನಿಗೆ ಉಂಟೋ? ಈ ಕೋಲು ಹಿಡಿದು ಸಾಮಾಜಿಕ, ಐತಿಹಾಸಿಕ, ಅತಿಮಾನುಷ ಎಂಬ ಮೂರು ಬಗೆಯನ್ನೂ ನೋಡಿದ್ದೇವೆ.

ಸಾಮಾಜಿಕ ಕಾದಂಬರಿ ಕನ್ನಡದಲ್ಲಿ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಬಾಲವಿಧವೆಯಾದ ಇಂದಿರೆ ಮನೆಯಲ್ಲಿ ಸಂತರೆಂಬ ಹೆಸರಿನ ದುರುಳರ ಕಾಟ ತಡೆಯದೆ ಹೊರಟುಹೋಗಿ, ಸಜ್ಜನರ ಆಶ್ರಯದಲ್ಲಿ ವಿದ್ಯೆ ಕಲಿತು, ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಉಪದೇಶ ಸ್ವಲ್ಪ ಹೆಚ್ಚು. ಪ್ರೇಮಿಗಳು ಒಬ್ಬರೊಡನೊಬ್ಬರು ಆಡುವ ಮಾತು ಬಲು ಕಡಿಮೆ. ಆದರೂ ಒಮ್ಮೆ ಓದಿ ನೋಡಬೇಕಾದದ್ದು.

ನಮ್ಮ ಮೆಚ್ಚುಗೆಯ ಪ್ರಣಯ ಕಾದಂಬರಿ ಯಾವುದೆಂದು ಕೇಳಿದರೆ ‘ಬೆಟ್ಟದ ಜೀವ’ ಎನ್ನುತ್ತೇವೆ. ಕೆಲವರು ನಗಬಹುದು. ಶಿವರಾಮ ಕಾರಂತರ ಆ ಪುಸ್ತಕ ಪ್ರಕಟವಾದದ್ದು ೧೯೪೩ರಲ್ಲಿ. ಅದರಲ್ಲಿ ಹದಿಹರೆಯದ ನಾಯಕನಿಲ್ಲ, ಓಲೆಯಿಲ್ಲ, ಕದ್ದು ನೋಡುವ ನೋಟವಿಲ್ಲ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ, ಇಂದು ಕಡಬ ತಾಲ್ಲೂಕಿಗೆ ಸೇರಿರುವ ಆ ಮಲೆಯ ಮಗ್ಗುಲಲ್ಲಿ, ದಾರಿತಪ್ಪಿದ ಪ್ರವಾಸಿಯೊಬ್ಬನು ಒಂದು ಮನೆಗೆ ಬಂದು ಸೇರುತ್ತಾನೆ. ಮನೆಯ ಯಜಮಾನರು ಗೋಪಾಲಯ್ಯ. ಅವರ ಹೆಂಡತಿ ಶಂಕರಿ. ಇಬ್ಬರೂ ಮುದುಕರು. ಕಾಡು ಕಡಿದು ಗದ್ದೆ ಮಾಡಿದವರು, ಅಡಕೆ ಸಸಿ ನೆಟ್ಟು ತೋಟ ಎಬ್ಬಿಸಿದವರು. ಅತಿಥಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದರಲ್ಲಿ ಯಜಮಾನರಿಗೆ ಎಲ್ಲಿಲ್ಲದ ಉತ್ಸಾಹ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯನವರು ಆ ನೋವನ್ನು ಹಾಸ್ಯದಿಂದ ಮುಚ್ಚುತ್ತಾರೆ. ಶಂಕರಮ್ಮನವರಿಗೆ ಅದು ಸಾಧ್ಯವಾಗುವುದಿಲ್ಲ. ಹೆಂಡತಿಯನ್ನು ಛೇಡಿಸುತ್ತ, ಅವಳ ಕಣ್ಣು ತೇವವಾದೊಡನೆ ಮಾತು ತಿರುಗಿಸುತ್ತ, ಗುಡ್ಡದಂಥ ದುಃಖವನ್ನು ಇಬ್ಬರೂ ಎರಡು ಕಡೆಯಿಂದ ಹೊತ್ತುಕೊಂಡು ನಡೆಯುವ ರೀತಿಯನ್ನು ಪ್ರಣಯವೆನ್ನದೆ ಮತ್ತೇನೆನ್ನಬೇಕು? ನಮ್ಮ ಬಹುಪಾಲು ಕಾದಂಬರಿಗಳು ಮಂಟಪದಲ್ಲಿ ಧಾರೆಯೆರೆದೊಡನೆ ಮುಗಿಯುತ್ತವೆ. ಇದು ಧಾರೆಯೆರೆದು ಎಷ್ಟೋ ದಶಕಗಳಾದ ಮೇಲೆ ಆರಂಭವಾಗುತ್ತದೆ. ನಮ್ಮ ಪ್ರಶ್ನೆಗೆ ಇಲ್ಲಿ ಉತ್ತರವೂ ಸೊಗಸು: ಶಂಕರಮ್ಮನವರು ಗಂಡನ ಮಾತನ್ನು ಒಪ್ಪದಿದ್ದರೆ ಒಪ್ಪೆನೆಂದೇ ಹೇಳುತ್ತಾರೆ, ಅದನ್ನು ಕೇಳುವುದರಲ್ಲಿ ಗಂಡನಿಗೆ ಒಂದು ಬಗೆಯ ಸಂತೋಷವೂ ಇದೆ. ಕಾರಂತರು ಕೋಟದವರಾದರೂ ಬಾಳಿನ ದೊಡ್ಡ ಭಾಗವನ್ನು ಪುತ್ತೂರಿನಲ್ಲಿ ಕಳೆದವರು. ೧೯೩೬ರಲ್ಲಿ ಜಾತಿಯ ಗೆರೆ ದಾಟಿ ಲೀಲಾ ಆಳ್ವ ಅವರನ್ನು ಕೈಹಿಡಿದವರು. ಒಲವು ದಿನನಿತ್ಯದ ದುಡಿಮೆಯೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಸುಳ್ಯದ ಮಗ್ಗುಲಲ್ಲಿ ಹರಿಯುವ ಪಯಸ್ವಿನಿ ಕೊಡಗಿನ ಮಲೆಯಿಂದ ಇಳಿದು, ಗಡಿ ದಾಟಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಹತ್ತಿರ ಕಡಲು ಸೇರುತ್ತದೆ. ಆ ಹೊಳೆಯ ದಂಡೆಯ ಕಥೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಈ ಕಾದಂಬರಿ ಗಾತ್ರದಲ್ಲಿ ಸಣ್ಣದು, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಮರೆಯುವುದಕ್ಕೆ ಮಾತ್ರ ಒಂದು ಮಧ್ಯಾಹ್ನ ಸಾಲದು. ನಾದಿರಾ ಮತ್ತು ರಶೀದ್ ಪರಸ್ಪರ ಪ್ರೀತಿಸುವ ಗಂಡಹೆಂಡಿರು. ಅವರನ್ನು ಅಗಲಿಸುವುದು ಮನಸ್ತಾಪವಲ್ಲ, ಪರಪುರುಷನಲ್ಲ. ಅಳಿಯನ ಮೇಲೆ ಕೋಪಗೊಂಡ ಅವಳ ತಂದೆಯ ಹಟ. ಅವಳಿಗೆ ಬೇಡದ ವಿಚ್ಛೇದನ ನಡೆದುಹೋಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ನಡುವೆ ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆಯನ್ನು ಅವಳ ಮುಂದಿಡುತ್ತಾರೆ. ಕೊನೆಯನ್ನು ನಾವು ಹೇಳುವುದಿಲ್ಲ. ಇದೊಂದು ಮತದವರ ಕಥೆಯೆಂದು ಇತರರು ನಿಶ್ಚಿಂತೆಯಿಂದ ಓದುವಂತಿಲ್ಲ. ಹೆಣ್ಣನ್ನು ಕೇಳದೆ ಕಟ್ಟಿದ್ದು, ಕೇಳದೆ ಬಿಚ್ಚಿದ್ದು ಯಾರ ಮನೆಯಲ್ಲಿ ನಡೆದಿಲ್ಲ?

ಇನ್ನು ಅಂಗಡಿಗಳಲ್ಲಿ ರಾಶಿಬಿದ್ದಿರುವ ಹಗುರ ಕಾದಂಬರಿಗಳ ವಿಷಯ. ಹೊತ್ತುಕಳೆಯಲು ಓದುವುದಕ್ಕೆ ನಮ್ಮ ಅಭ್ಯಂತರವಿಲ್ಲ. ರೈಲಿನಲ್ಲಿ ಹೋಗುವಾಗ ನಾವೂ ಓದುತ್ತೇವೆ. ಆದರೆ ಒಂದು ಜಾತಿಯ ಪುಸ್ತಕವನ್ನು ಕಂಡರೆ ನಮಗಾಗುವುದಿಲ್ಲ. ಸಿರಿವಂತನೂ ಸಿಡುಕನೂ ಆದ ನಾಯಕನು ಬೆನ್ನು ಹತ್ತುತ್ತಾನೆ, ಗದರುತ್ತಾನೆ, ಕೈಹಿಡಿದು ಎಳೆಯುತ್ತಾನೆ; ನಾಯಿಕೆ ಬೇಡವೆನ್ನುತ್ತಾಳೆ; ಬೇಡವೆಂದರೆ ಬೇಕೆಂದೇ ಅರ್ಥವೆಂದು ಲೇಖಕರು ಕೊನೆಯ ಅಧ್ಯಾಯದಲ್ಲಿ ಸಾಧಿಸಿಬಿಡುತ್ತಾರೆ. ಕಾಲೇಜಿನ ಹುಡುಗರು ಈ ವ್ಯಾಕರಣವನ್ನು ಕಲಿತು ಬೀದಿಯಲ್ಲಿ ಪ್ರಯೋಗಿಸಿದರೆ ಅದನ್ನು ಅನುಭವಿಸುವವರು ಯಾರೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯರು ಹುಬ್ಬು ಗಂಟಿಕ್ಕುವುದಿದ್ದರೆ ಇಂಥ ಪುಸ್ತಕದ ಮೇಲೆ ಗಂಟಿಕ್ಕಲಿ, ಅದೂ ಮಗಳ ಕೈಯಲ್ಲಿ ಕಂಡಾಗ ಅಲ್ಲ, ಮಗನ ಕೈಯಲ್ಲಿ ಕಂಡಾಗ.

ಐತಿಹಾಸಿಕ ಕಾದಂಬರಿಗೆ ಬರೋಣ. ಅಮರಸುಳ್ಯ, ಪುತ್ತೂರು ಮೊದಲಾದ ಮಾಗಣೆಗಳು ಕೊಡಗಿನ ಅರಸರಿಗೆ ಸೇರಿದ್ದುವು. ೧೮೩೪ರಲ್ಲಿ ಇಂಗ್ಲಿಷರು ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಈ ಭಾಗವನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. ಮುಂಚೆ ಧಾನ್ಯವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. ರೈತರು ಸಿಟ್ಟಿಗೆದ್ದು, ಕಲ್ಯಾಣಸ್ವಾಮಿಯೆಂಬ ಹೆಸರನ್ನು ಮುಂದಿಟ್ಟುಕೊಂಡು, ೧೮೩೭ರ ಏಪ್ರಿಲಿನಲ್ಲಿ ಮಂಗಳೂರಿನವರೆಗೂ ನುಗ್ಗಿ ಬಾವುಟಗುಡ್ಡದಲ್ಲಿ ತಮ್ಮ ಬಾವುಟವನ್ನು ಏರಿಸಿದರು. ಸುಬ್ರಹ್ಮಣ್ಯದ ಹತ್ತಿರದ ಕುಳಕುಂದದಲ್ಲಿ ೧೯೨೪ರಲ್ಲಿ ಹುಟ್ಟಿದ ನಿರಂಜನರು ಈ ದಂಗೆಯನ್ನು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯಾಗಿ ಬರೆದಿದ್ದಾರೆ. ಅದು ಪ್ರಣಯದ ಪುಸ್ತಕವಲ್ಲ. ಊರಿನ ಚರಿತ್ರೆಗಾಗಿ ಓದಬೇಕು.

ಪ್ರಣಯ ಬೇಕೆನ್ನುವವರು ಅದೇ ಕಾಲವನ್ನು ಕುರಿತ ಮಾಸ್ತಿಯವರ ‘ಚಿಕವೀರರಾಜೇಂದ್ರ’ವನ್ನು ಹಿಡಿಯಲಿ. ೧೯೫೬ರ ಈ ಗ್ರಂಥವನ್ನು ಎಲ್ಲರೂ ಒಂದು ರಾಜ್ಯದ ಪತನದ ಕಥೆಯೆಂದು ಓದುತ್ತಾರೆ, ಸರಿಯೇ. ಆದರೆ ಒಳಹೊಕ್ಕು ನೋಡಿದರೆ ರಾಜ್ಯ ಬಿರುಕುಬಿಟ್ಟದ್ದು ಮನೆಯ ಒಳಗಿನಿಂದ. ಅರಸನು ತಂಗಿ ದೇವಮ್ಮಾಜಿಯನ್ನು ಗಂಡನಿಂದ ಅಗಲಿಸಿ ಸೆರೆಯಿಟ್ಟಿದ್ದಾನೆ. ಚನ್ನಬಸವಯ್ಯನು ಹೆಂಡತಿಯನ್ನು ಬಿಡಿಸಿಕೊಳ್ಳಲು ಹಾತೊರೆಯುತ್ತಾನೆ. ಕೊನೆಗೆ ದಂಪತಿಗಳು ಇಂಗ್ಲಿಷರ ಮೊರೆಹೊಗುತ್ತಾರೆ. ಇನ್ನೊಂದು ಕಡೆ ಭಗವತಿಯೆಂಬ ಹೆಂಗಸು ಬರುತ್ತಾಳೆ. ಹಿಂದಿನ ಅರಸನು ಪ್ರೀತಿಸಿ ಕೈಬಿಟ್ಟವಳು ಅವಳು. ಕುಂಟ ಬಸವ ಅವಳ ಮಗ. ಕೈಬಿಟ್ಟ ಒಂದು ಒಲವು, ಸೆರೆಹಾಕಿದ ಇನ್ನೊಂದು ಒಲವು, ಇವೆರಡು ಸೇರಿ ಒಂದು ಸಿಂಹಾಸನವನ್ನು ಉರುಳಿಸಿದುವೆಂದು ಮಾಸ್ತಿಯವರು ದನಿಯೇರಿಸದೆ ಕಾಣಿಸಿದ್ದಾರೆ. ರಾಣಿ ಗೌರಮ್ಮಾಜಿಯ ತಾಳ್ಮೆಯನ್ನು ಹೊಗಳುವವರು ಬಹಳ. ಅವಳು ಇನ್ನೂ ಸ್ವಲ್ಪ ಮೊದಲೇ ಒಲ್ಲೆನೆಂದಿದ್ದರೆ ಆಗುತ್ತಿತ್ತೆಂದು ಓದುವಾಗಲೆಲ್ಲ ನಮಗೆ ಅನಿಸುತ್ತದೆ. ಕತ್ತಿ ಕುದುರೆಗಳಿಗಿಂತ ನಾಟ್ಯ ಸಂಗೀತಗಳ ಪರಿಸರ ಬೇಕೆಂಬವರಿಗೆ ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಉಂಟು.

ಉಳಿದದ್ದು ಅತಿಮಾನುಷದ ಬಗೆ. ಇಂಗ್ಲಿಷ್ ಓದುಗರಿಗೆ ಪ್ರಿಯವಾದ ‘ವದರಿಂಗ್ ಹೈಟ್ಸ್’ ಎಂಬ ೧೮೪೭ರ ಕಾದಂಬರಿಯಲ್ಲಿ ಸತ್ತ ನಾಯಿಕೆ ಹಿಮದ ರಾತ್ರಿ ಕಿಟಕಿಯ ಹೊರಗೆ ನಿಂತು ಒಳಗೆ ಬಿಡೆಂದು ಬೇಡುತ್ತಾಳೆ. ಓದುವವರ ಮೈ ನವಿರೇಳುತ್ತದೆ. ಭೂತದ ಕೋಲ ನೋಡಿ ಬೆಳೆದ ಪುತ್ತೂರು ಸುಳ್ಯದವರಿಗೆ ಅದರಲ್ಲಿ ಅಷ್ಟು ಬೆರಗಿಲ್ಲ. ಇಲ್ಲಿ ಸತ್ತವರು ಬಂದರೆ ಕಿಟಕಿಯ ಹೊರಗೆ ನಿಲ್ಲುವುದಿಲ್ಲ. ಅಂಗಳದ ನಡುವೆ ನಿಂತು ನ್ಯಾಯ ಕೇಳುತ್ತಾರೆ. ತುಳುವಿನ ಸಿರಿ ಪಾಡ್ದನವನ್ನು ನೋಡಿ. ಪುತ್ತೂರಿನ ನೆರೆಯ ಬೆಳ್ತಂಗಡಿ ಸೀಮೆಯ ಮಾಚಾರು ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ೧೯೯೮ರಲ್ಲಿ ಪ್ರಕಟಿಸಿದರು; ಅದು ೧೫,೬೮೩ ಸಾಲುಗಳಷ್ಟು ದೊಡ್ಡದು. ಬಸುರಿಯಾದ ಸಿರಿಯ ಬಯಕೆಗೆಂದು ಗಂಡ ಕಾಂತು ಪೂಂಜ ತಂದ ಸೀರೆಯನ್ನು ಮೊದಲು ಉಟ್ಟವಳು ಅವನ ಸೂಳೆ. ಸಿರಿ ಆ ಸೀರೆಯನ್ನು ಮುಟ್ಟಲಿಲ್ಲ. ಮುಂದೆ ಗಂಡನನ್ನೇ ಬಿಟ್ಟಳು. ಮತ್ತೊಂದು ಮದುವೆಯನ್ನೂ ಆದಳು. ಆ ಸಿರಿ ಇಂದು ದೈವ. ಸಿರಿ ಜಾತ್ರೆಯಲ್ಲಿ ಆವೇಶ ಬಂದ ಹೆಂಗಸರು ಅವಳ ಹೆಸರಿನಲ್ಲಿ ಮಾತನಾಡುತ್ತಾರೆ. ಒಲ್ಲೆನೆಂದವಳನ್ನು ದೈವವೆಂದು ಕೈಮುಗಿಯುವ ಈ ನಾಡಿನಲ್ಲಿ, ಮನೆಯ ಮಗಳು ಒಲ್ಲೆನೆಂದರೆ ಅವಳ ಮೈಮೇಲೆ ಏನೋ ಬಂದಿದೆಯೆನ್ನುವುದು ವಿಚಿತ್ರವಾಗಿದೆ.

ಕನ್ನಡದಲ್ಲಿ ಈ ಬಗೆಗೆ ಹಳೆಯ ಮೇಲ್ಪಂಕ್ತಿ ನೇಮಿಚಂದ್ರನ ‘ಲೀಲಾವತಿ’. ಅಲ್ಲಿ ರಾಜಕುಮಾರನೂ ರಾಜಕುಮಾರಿಯೂ ಒಬ್ಬರನ್ನೊಬ್ಬರು ಕಾಣುವುದು ಮೊದಲು ಕನಸಿನಲ್ಲಿ, ಬಳಿಕ ಹುಡುಕಾಟ. ಹಳಗನ್ನಡಕ್ಕೆ ಹೆದರದವರು ಪ್ರಯತ್ನಿಸಬಹುದು. ಉಳಿದವರಿಗೆ ಕಾರಂತರ ‘ಮೂಕಜ್ಜಿಯ ಕನಸುಗಳು’ ಇದೆ. ೧೯೬೮ರಲ್ಲಿ ಬಂದ ಈ ಕಾದಂಬರಿ ೧೯೭೭ರ ಜ್ಞಾನಪೀಠ ಪ್ರಶಸ್ತಿಯನ್ನು ಕಾರಂತರಿಗೆ ತಂದಿತು. ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅಜ್ಜಿಗೆ ಅದರ ಹಿಂದಿನ ಕಾಲವೆಲ್ಲ ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅಜ್ಜಿ ಹೇಳುತ್ತಾಳೆ. ಹತ್ತನೆಯ ವಯಸ್ಸಿಗೆ ವಿಧವೆಯಾದವಳು ಅವಳು. ದಾಂಪತ್ಯವೆಂಬುದನ್ನು ಒಂದು ದಿನವೂ ಕಾಣದವಳು. ಗಂಡುಹೆಣ್ಣುಗಳ ಆಕರ್ಷಣೆಯನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಅತ್ಯಂತ ನಿರ್ಭೀತವಾಗಿ, ಅತ್ಯಂತ ಮೃದುವಾಗಿ ಮಾತನಾಡಿದವಳು ಅವಳೇ. ಸೃಷ್ಟಿಯನ್ನು ಹೇಸಿಗೆಯೆಂದು ಬೈದು ಸನ್ಯಾಸವನ್ನು ಹೊಗಳುವವರನ್ನು ಕಂಡರೆ ಅವಳಿಗೆ ಸಹನೆಯಿಲ್ಲ. ತನಗೆ ದೊರೆಯದ ಸುಖವನ್ನು ಇತರರು ಅನುಭವಿಸುವುದನ್ನು ಕಂಡು ಕಹಿಯಾಗದ ಮನಸ್ಸು ಅದು. ಪ್ರಣಯ ಕಾದಂಬರಿಗಳ ಪಟ್ಟಿಯಲ್ಲಿ ಈ ಪುಸ್ತಕವನ್ನು ಸೇರಿಸಿದ್ದಕ್ಕೆ ಯಾರಾದರೂ ಆಕ್ಷೇಪಿಸಿದರೆ, ಅವರು ಅದನ್ನು ಹದಿನೆಂಟು ದಾಟಿದ ಮಗಳಿಗೆ ಓದಲು ಕೊಟ್ಟು, ಅವಳು ಓದಿ ಮುಗಿಸಿದ ಮೇಲೆ ಅವಳ ಅಭಿಪ್ರಾಯವನ್ನು ಕೇಳಲಿ. ಅವಳು ಏನು ಹೇಳಿದರೂ ಸರಿಯೇ, ಕೇಳಬೇಕು.