ಅರೆಕಾಲಿಕ ಬೇಸಾಯಗಾರರ ಯಂತ್ರೋಪಕರಣ ಮತ್ತು ಆದಾಯ ತೆರಿಗೆ

(ಬಳ್ಳಾರಿ ನಗರದಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭತ್ತದ ನಾಟಿ, ಮೆಣಸಿನ ಗಿಡದ ಮುಟುರು ರೋಗ ಇವುಗಳ ಬಗ್ಗೆ ಮಾತನಾಡಬೇಕಾದ ಬೇಸಾಯಶಾಸ್ತ್ರದ ಅಧ್ಯಾಪಕ ಇಂದು ತೆರಿಗೆಯ ವಿಷಯ ಎತ್ತಿಕೊಂಡಿರುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಬಳ್ಳಾರಿ ನಗರದಲ್ಲಿ ನೌಕರಿ, ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಐದಾರು ಎಕರೆ ಜಮೀನು, ರಜಾ ದಿನಗಳಲ್ಲಿ ಬೇಸಾಯ, ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟವರು ನಮ್ಮಲ್ಲಿ ಬಹಳ ಮಂದಿ. ನಾನೂ ಅವರಲ್ಲೊಬ್ಬ. ನಮ್ಮಂಥವರಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ. ಒಂದು, ಟ್ರ್ಯಾಕ್ಟರ್ ಕೊಂಡರೆ ಸಂಬಳದ ಮೇಲಿನ ತೆರಿಗೆ ಇಳಿಯುತ್ತದೆ ಎಂಬುದು. ಇನ್ನೊಂದು, ಬೇಸಾಯಕ್ಕೆ ತೆರಿಗೆಯೇ ಇಲ್ಲವಾದ್ದರಿಂದ ರಸೀದಿ ಇಡುವ ಗೋಜೇಕೆ ಎಂಬುದು. ಎರಡನೆಯದೇ ಹೆಚ್ಚು ನಷ್ಟ ತರುವಂಥದು.

ಮೊದಲನೆಯದನ್ನು ಬೇಗ ಮುಗಿಸೋಣ. 1886ರ ಕಾಯಿದೆಯ ಕಾಲದಿಂದಲೂ ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. 1961ರ ಕಾಯಿದೆ ಅದನ್ನು ಮುಂದುವರಿಸಿತು. 2026ರ ಏಪ್ರಿಲ್ 1 ಜಾರಿಯ ದಿನವಾದ 2025ರ ಹೊಸ ಕಾಯಿದೆಯೂ ಉಳಿಸಿಕೊಂಡಿದೆ. ತೆರಿಗೆಯಿಲ್ಲದ ಆದಾಯಕ್ಕಾಗಿ ಮಾಡಿದ ಖರ್ಚನ್ನು ತೆರಿಗೆಯುಳ್ಳ ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ಬೇಸಾಯದಲ್ಲಾದ ನಷ್ಟವನ್ನೂ ಸಂಬಳದಲ್ಲಿ ಕಳೆಯಲಾಗದು. ಸಲ್ಲಿಸಿದ ರಿಟರ್ನಿನಲ್ಲಿ ನಷ್ಟ ತೋರಿಸಿದ್ದರೆ ಮುಂದಿನ 8 ವರ್ಷಗಳವರೆಗೆ ಬೇಸಾಯದ ಆದಾಯದಲ್ಲೇ ಅದನ್ನು ಸರಿದೂಗಿಸಬಹುದು, ಅಷ್ಟೆ.

ಹಾಗಾದರೆ ರಸೀದಿಯ ಉಪಯೋಗವೇನು? 1972ರಲ್ಲಿ ಪ್ರೊಫೆಸರ್ ಕೆ.ಎನ್. ರಾಜ್ ಅವರ ಅಧ್ಯಕ್ಷತೆಯ ಸಮಿತಿಯು ಕೃಷಿ ಆದಾಯವನ್ನು ಇತರ ಆದಾಯದೊಡನೆ ಭಾಗಶಃ ಸೇರಿಸಿ ದರ ನಿರ್ಧರಿಸಬೇಕೆಂದು ಶಿಫಾರಸು ಮಾಡಿತು. 1973ರ ಹಣಕಾಸು ಕಾಯಿದೆಯಿಂದ ಅದು ರೂಢಿಗೆ ಬಂದಿತು. ನಿವ್ವಳ ಕೃಷಿ ಆದಾಯ 5,000 ರೂಪಾಯಿ ಮೀರಿ, ಇತರ ಆದಾಯವೂ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ, ಕೃಷಿ ಆದಾಯ ನಮ್ಮ ಸಂಬಳವನ್ನು ಮೇಲಿನ ದರಕ್ಕೆ ತಳ್ಳುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಸಂಬಳದ ತೆರಿಗೆ ಮಾತ್ರ ಏರುತ್ತದೆ. ಪೂರ್ಣಕಾಲ ಬೇಸಾಯ ಮಾಡುವವನಿಗೆ ಇದರ ಬಿಸಿ ತಟ್ಟುವುದಿಲ್ಲ, ತಟ್ಟುವುದು ನಮ್ಮಂಥವರಿಗೆ.

2025-26ನೇ ಹಣಕಾಸು ವರ್ಷದ ಹೊಸ ಪದ್ಧತಿಯ ದರದಲ್ಲಿ ಲೆಕ್ಕ ಹಾಕೋಣ. ಪ್ರಮಾಣಿತ ಕಡಿತ ಕಳೆದು ಒಬ್ಬರ ಸಂಬಳ 11 ಲಕ್ಷ. 12 ಲಕ್ಷದವರೆಗೆ ತೆರಿಗೆಯಿಲ್ಲವೆಂದು ಅವರು ನಿಶ್ಚಿಂತರು. ಸಿರುಗುಪ್ಪದ ಭತ್ತದಿಂದ ನಿವ್ವಳ 3 ಲಕ್ಷ. ಒಟ್ಟು 14 ಲಕ್ಷದ ಮೇಲೆ ತೆರಿಗೆ 90,000. ಕೃಷಿಯ 3 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ, ಆ 7 ಲಕ್ಷದ ಮೇಲಿನ ತೆರಿಗೆ 15,000ವನ್ನು ಇದರಲ್ಲಿ ಕಳೆಯಬೇಕು. ಉಳಿಯುವುದು 75,000. ರಿಯಾಯಿತಿ 60,000ಕ್ಕಿಂತ ಹೆಚ್ಚು ಸಿಗದು. ಆದ್ದರಿಂದ 15,000 ರೂಪಾಯಿ ಕಟ್ಟಬೇಕು, ಸೆಸ್ ಬೇರೆ.

ಈಗ ಅದೇ ವ್ಯಕ್ತಿಯ ಬಳಿ 8 ಲಕ್ಷ ಕೊಟ್ಟು ಕೊಂಡ ಟ್ರ್ಯಾಕ್ಟರ್ ಇದೆ, ಅದರ ಸವಕಳಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದುಕೊಳ್ಳಿ. ನಿವ್ವಳ ಕೃಷಿ ಆದಾಯವನ್ನು ವ್ಯಾಪಾರದ ಲಾಭದಂತೆಯೇ ಎಣಿಸಬೇಕೆಂದು ನಿಯಮವಿರುವುದರಿಂದ ಯಂತ್ರಕ್ಕೆ ವರ್ಷಕ್ಕೆ ಶೇಕಡಾ 15ರಷ್ಟು ಸವಕಳಿ ಕಳೆಯಬಹುದು. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಮೊದಲ ವರ್ಷದ ಪೂರ್ಣ ಸವಕಳಿ 1,20,000. ಮರುವರ್ಷ ಉಳಿದ 6,80,000ದ ಮೇಲೆ 1,02,000. ಮೊದಲ ವರ್ಷ ಕೃಷಿ ಆದಾಯ 1,80,000ಕ್ಕೆ ಇಳಿದು, ಕಟ್ಟಬೇಕಾದ ತೆರಿಗೆ 15,000ದ ಬದಲು 3,000 ಆಗುತ್ತದೆ. ಡೀಸೆಲ್, ರಿಪೇರಿ, ಕೂಲಿ, ಗೊಬ್ಬರ ಎಲ್ಲವೂ ಇದೇ ರೀತಿ ಕಳೆಯತಕ್ಕ ಖರ್ಚುಗಳೇ.

ಇದನ್ನು ಕೇಳಿ ನಾಳೆಯೇ ಶೋರೂಮಿಗೆ ಹೊರಡಬೇಡಿ. 1,20,000ದ ಸವಕಳಿಗೆ ಉಳಿದದ್ದು 12,000, ಅಂದರೆ ರೂಪಾಯಿಗೆ 10 ಪೈಸೆ. ಸಾಲದ ಬಡ್ಡಿಯೇ ಅದನ್ನು ನುಂಗುತ್ತದೆ. ಆರು ಎಕರೆಯ ಕೆಸರುಗದ್ದೆಗೆ ಸ್ವಂತ ಟ್ರ್ಯಾಕ್ಟರ್ ಹೊರೆಯೆಂಬುದೇ ನನ್ನ ಅಭಿಪ್ರಾಯ. ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತಂದರೆ ಆ ಬಾಡಿಗೆಯನ್ನು ಅದೇ ವರ್ಷ ಪೂರ್ತಿ ಖರ್ಚು ಹಾಕಬಹುದು. ಸ್ವಂತಕ್ಕೆ ಪಂಪ್‌ಸೆಟ್ಟು, ಸಿಂಪರಣಾ ಯಂತ್ರ ಸಾಕು.

ರಸೀದಿಯ ವಿಷಯದಲ್ಲಿ ನನ್ನದೇ ಕಥೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಪವರ್ ಟಿಲ್ಲರನ್ನು ಕೈಗೈ ನಗದು ಕೊಟ್ಟು ತಂದೆ. ಸಿಕ್ಕಿದ್ದು ಒಂದು ಬಿಳಿ ಚೀಟಿ. ಲೆಕ್ಕಪರಿಶೋಧಕರು ಅದನ್ನು ನೋಡಿ ಪಕ್ಕಕ್ಕಿಟ್ಟರು. ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಕೊಂಡ ಯಂತ್ರದ ಆ ಮೊತ್ತವು ಸವಕಳಿಯ ಬೆಲೆಗೆ ಸೇರುವುದೇ ಇಲ್ಲ. ಮಾರಿದವರನ್ನು ದೂರಲಾರೆ; ಬಿಲ್ ಕೇಳದವನು ನಾನು. ತರಗತಿಯಲ್ಲಿ ಬೇಸಾಯದ ಲೆಕ್ಕ ಇಡುವುದನ್ನು ಪಾಠ ಹೇಳುವವನಿಗೆ ಈ ಗತಿ! ಚೆಕ್ಕಿನಲ್ಲಾಗಲಿ ಬ್ಯಾಂಕ್ ವರ್ಗಾವಣೆಯಲ್ಲಾಗಲಿ ಹಣ ಕೊಡಿ, ನಿಮ್ಮ ಹೆಸರಿನ ಬಿಲ್ ಪಡೆಯಿರಿ. ಇಲಾಖೆಯ ಸಹಾಯಧನದಲ್ಲಿ ಕೊಂಡಿದ್ದರೆ ಆ ಭಾಗಕ್ಕೆ ಸವಕಳಿ ಇಲ್ಲ. 2 ಲಕ್ಷದ ಯಂತ್ರಕ್ಕೆ 80,000 ಸಹಾಯಧನ ಬಂದರೆ 1,20,000ದ ಮೇಲೆ ಮಾತ್ರ ಎಣಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಬೇಸಾಯ ಮಾತ್ರ ಮಾಡುವವನಿಗೆ ಆ ತೆರಿಗೆ ಮರಳಿ ಸಿಗದು. ಅದು ಯಂತ್ರದ ಬೆಲೆಯಲ್ಲೇ ಸೇರಿ ಸವಕಳಿಗೆ ಬರುತ್ತದೆ.

ಇನ್ನು ಬಾಡಿಗೆಯ ವಿಚಾರ. ನಮ್ಮ ಗದ್ದೆ ಮುಗಿದ ಮೇಲೆ ಟ್ರ್ಯಾಕ್ಟರ್ ಪಕ್ಕದವರ ಹೊಲಕ್ಕೆ ಹೋಗುವುದು ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಸಾಮಾನ್ಯ. ಆ ಬಾಡಿಗೆ ಕೃಷಿ ಆದಾಯವಲ್ಲ, ವ್ಯಾಪಾರದ ಆದಾಯ; ಅದಕ್ಕೆ ನೇರ ತೆರಿಗೆಯುಂಟು. ವರ್ಷದಲ್ಲಿ 600 ಗಂಟೆ ಓಡಿ, ಅದರಲ್ಲಿ 400 ಗಂಟೆ ಬಾಡಿಗೆಯದಾದರೆ, 1,20,000ದ ಸವಕಳಿಯಲ್ಲಿ 80,000 ಬಾಡಿಗೆಯ ಲೆಕ್ಕಕ್ಕೆ, 40,000 ಬೇಸಾಯದ ಲೆಕ್ಕಕ್ಕೆ. ಪುಸ್ತಕ ಬರೆಯಲಾಗದ ಸಣ್ಣ ವಹಿವಾಟಿನವರು ಜಮೆಯ ಶೇಕಡಾ 8ನ್ನು, ಬ್ಯಾಂಕಿನ ಮೂಲಕ ಬಂದುದಕ್ಕೆ ಶೇಕಡಾ 6ನ್ನು ಲಾಭವೆಂದು ತೋರಿಸಬಹುದು. ಆಗ ಬಾಡಿಗೆಯ ಪಾಲಿನ ಸವಕಳಿಯನ್ನು ಬೇರೆಯಾಗಿ ಕೇಳುವಂತಿಲ್ಲ. ಹೇಗೂ ಟ್ರ್ಯಾಕ್ಟರಿನ ಗಂಟೆ ಮೀಟರ್ ಓದಿ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೊಲ, ಗಂಟೆ ಬರೆದಿಡುವುದು ಅವಶ್ಯ. ಡ್ರೈವರ್ ಕೈಯಲ್ಲೇ ಬರೆಸಿ. ಮಾರಾಟದ ಕಡೆಗೆ ಭತ್ತದ ಮಿಲ್ಲಿನ ಚೀಟಿ, ಬ್ಯಾಡಗಿ ಮಾರುಕಟ್ಟೆಗೆ ಒಯ್ದ ಮೆಣಸಿನಕಾಯಿಯ ತಕ್‌ಪಟ್ಟಿ ಕೂಡ ಅದೇ ಕಡತದಲ್ಲಿರಲಿ. ಕೃಷಿ ಆದಾಯ 5,000 ಮೀರಿದವರು ಸಹಜ್ ನಮೂನೆಯಲ್ಲಿ ರಿಟರ್ನ್ ಸಲ್ಲಿಸತಕ್ಕದ್ದಲ್ಲ ಎಂಬುದೂ ನೆನಪಿರಲಿ.

ಮಾತು ಮುಗಿಸುವ ಮುನ್ನ ಹಿರಿಯರೊಬ್ಬರು ಎದ್ದು, "ಟ್ರ್ಯಾಕ್ಟರಿಗೆ ಸವಕಳಿ ಉಂಟು, ನನ್ನ ಎತ್ತಿಗೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಎತ್ತಿಗೆ ವರ್ಷವರ್ಷದ ಸವಕಳಿ ಇಲ್ಲ. ಆದರೆ ಅದು ಸತ್ತರೆ ಅಥವಾ ಕೆಲಸಕ್ಕೆ ಶಾಶ್ವತವಾಗಿ ಬಾರದಂತಾದರೆ, ಕೊಂಡ ಬೆಲೆಯಲ್ಲಿ ಮರಳಿ ಬಂದ ಹಣ ಹೋಗಿ ಉಳಿದದ್ದನ್ನು ಆ ವರ್ಷವೇ ಪೂರ್ತಿ ಖರ್ಚು ಹಾಕಬಹುದು. 60,000ಕ್ಕೆ ತಂದ ಎತ್ತು ಸತ್ತು ಏನೂ ಬಾರದಿದ್ದರೆ 60,000ವೂ ಖರ್ಚೇ. ಸಂತೆಯ ಚೀಟಿ ಮತ್ತು ಪಶುವೈದ್ಯರ ಪ್ರಮಾಣಪತ್ರ ಇಟ್ಟುಕೊಳ್ಳಿ ಎಂದೆ. ಚೀಟಿ ಇದೆ, ಎತ್ತೂ ಗಟ್ಟಿಯಾಗಿದೆ ಎಂದು ಅವರು ನಕ್ಕರು.