ಆಕಾಶದ ಸೀಮಾರೇಖೆ: ಓಜೋನ್ ಮತ್ತು ಉಷ್ಣತೆಯ ಅಳತೆ

(ಶಾಲಾ ವಿಜ್ಞಾನ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಾವು ದಿನವೂ ನೋಡುವ, ಆದರೆ ವಿಚಾರಿಸದೆ ಬಿಡುವ ವಸ್ತುಗಳಲ್ಲಿ ಆಕಾಶವೂ ಒಂದು. ಅದರ ಒಂದು ಭಾಗವನ್ನು ಮನುಷ್ಯನು ಹೇಗೆ ಅಳೆದನು, ಆ ಅಳತೆಯಿಂದ ನಾವು ಏನನ್ನು ಕಲಿಯಬಹುದು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಲಿಚ್ಛಿಸುತ್ತೇನೆ.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಸಂಜೆಗಳಲ್ಲಿ ಗುಡುಗಿನ ಮೋಡಗಳು ಗೋಪುರದಂತೆ ಮೇಲೇರುವುದನ್ನು ನೀವೆಲ್ಲ ಕಂಡಿದ್ದೀರಿ. ಅತ್ಯಂತ ಎತ್ತರಕ್ಕೆ ಏರಿದ ಮೋಡವು ಅಲ್ಲಿಂದ ಮುಂದೆ ಹೋಗಲಾರದೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ. ಕುದಿಯುವ ಪಾತ್ರೆಯ ಹಬೆಯು ಮುಚ್ಚಳಕ್ಕೆ ತಾಗಿ ಹರಡುವಂತೆ ತೋರುವ ಈ ದೃಶ್ಯಕ್ಕೆ ಕಾರಣವೇನು? ಮೇಲೇರಿದಷ್ಟೂ ಗಾಳಿಯು ತಣ್ಣಗಾಗುವುದು. ಕಿಲೋಮೀಟರಿಗೆ ಸುಮಾರು 6.5 ಡಿಗ್ರಿಯಷ್ಟು ಉಷ್ಣತೆ ಇಳಿಯುವುದು. ಆದರೆ ಈ ಇಳಿತಕ್ಕೆ ಒಂದು ಕೊನೆಯುಂಟು. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಸುಮಾರು 16-17 ಕಿಲೋಮೀಟರ್, ಧ್ರುವಗಳ ಬಳಿ ಸುಮಾರು 8-9 ಕಿಲೋಮೀಟರ್ ಎತ್ತರದಲ್ಲಿ ಅದು ನಿಲ್ಲುತ್ತದೆ; ಇನ್ನೂ ಮೇಲೆ ಉಷ್ಣತೆಯು ಏರತೊಡಗುತ್ತದೆ. ಕೆಳಗಿನದು ಮೋಡ, ಮಳೆ, ಬಿರುಗಾಳಿಗಳ ಪರಿವರ್ತನ ಮಂಡಲ; ಮೇಲಿನದು ಶಾಂತವಾದ ಸಮೋಷ್ಣ ಮಂಡಲ. ಇವೆರಡರ ನಡುವಣ ಗಡಿಗೆ ಟ್ರೋಪೋಪಾಸ್ ಎಂದು ಹೆಸರು. ಫ್ರಾನ್ಸಿನ ತೆಸರಾಂಕ್ ದ ಬೋರ್ ಎಂಬ ವಿಜ್ಞಾನಿಯು ಉಪಕರಣಗಳನ್ನು ಕಟ್ಟಿದ ಬಲೂನುಗಳನ್ನು ಮತ್ತೆ ಮತ್ತೆ ಹಾರಿಸಿ, 1902ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದನು.

ಧ್ರುವಪ್ರದೇಶವು ಹಿಮಮಯವಾದುದರಿಂದ ಅಲ್ಲಿಯ ಗಡಿಯೇ ಹೆಚ್ಚು ತಣ್ಣಗಿರಬೇಕೆಂದು ನಿಮಗೆ ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಉಷ್ಣವಲಯದ ಗಡಿಯು ಹೆಚ್ಚು ಎತ್ತರದಲ್ಲಿರುವುದರಿಂದ, ಅಲ್ಲಿಗೆ ಏರುವ ಗಾಳಿಯು ಹೆಚ್ಚು ತಣಿದು ಸೊನ್ನೆಗಿಂತ 80 ಡಿಗ್ರಿಯಷ್ಟು ಕೆಳಗೆ ಇಳಿಯುತ್ತದೆ. ಭೂಮಧ್ಯರೇಖೆಯ ಮೇಲಿರುವ ಈ ಶೀತಲ ವಾಯುವಿನ ಸ್ವರೂಪವನ್ನು 1929ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದವರು ಭಾರತೀಯರೇ ಆದ ಕೆ. ಆರ್. ರಾಮನಾಥನ್. ಅವರು 1893ರಲ್ಲಿ ಜನಿಸಿದುದು ಇದೇ ಕೇರಳದ ಪಾಲಕ್ಕಾಡಿನ ಕಲ್ಪಾತಿಯಲ್ಲಿ ಎಂಬುದು ಕಾಸರಗೋಡಿನ ಮಕ್ಕಳಾದ ನಿಮಗೆ ಸಂತೋಷವನ್ನು ಕೊಡಬೇಕು. ಮುಂದೆ ಅವರು ಓಜೋನಿನ ಅಧ್ಯಯನದಲ್ಲಿಯೂ ಜಗತ್ತಿನ ಮನ್ನಣೆಯನ್ನು ಪಡೆದರು.

ಓಜೋನ್ ಎಂದರೆ ಮೂರು ಪರಮಾಣುಗಳು ಕೂಡಿದ ಆಮ್ಲಜನಕ. ಇದರ ಹತ್ತರಲ್ಲಿ ಒಂಬತ್ತು ಪಾಲು ಟ್ರೋಪೋಪಾಸಿನ ಮೇಲಿರುತ್ತದೆ. ಅಷ್ಟನ್ನೂ ನೆಲದ ಮಟ್ಟದ ಒತ್ತಡಕ್ಕೆ ತಂದು ಹರಡಿದರೆ ಆಗುವ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ! ಇಷ್ಟು ಸ್ವಲ್ಪವಾದ ಅನಿಲವು ಸೂರ್ಯನ ಅತಿನೇರಿಳೆ ಕಿರಣಗಳ ಬಹುಭಾಗವನ್ನು ಹೀರಿಕೊಂಡು ನಮ್ಮ ಚರ್ಮವನ್ನೂ ಕಣ್ಣನ್ನೂ ಪೈರನ್ನೂ ಕಾಯುತ್ತದೆ. ಹಾಗೆ ಹೀರಿದ ಶಕ್ತಿಯಿಂದ ಮೇಲಿನ ಗಾಳಿ ಬಿಸಿಯಾಗುವುದು. ಮೋಡವನ್ನು ತಡೆಯುವ ಮುಚ್ಚಳಕ್ಕೆ ಮುಖ್ಯ ಕಾರಣವು ಇದೇ. ಆದುದರಿಂದ ಓಜೋನನ್ನೂ ಉಷ್ಣತೆಯನ್ನೂ ಬೇರೆ ಬೇರೆಯಾಗಿ ತಿಳಿದರೆ ಸಾಲದು. ಅವು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ.

ಇಂಗ್ಲೆಂಡಿನ ಡಾಬ್ಸನ್ ಎಂಬವರು 1920ರ ದಶಕದಲ್ಲಿ ಸೂರ್ಯಕಿರಣದಿಂದ ಓಜೋನಿನ ಒಟ್ಟು ಮೊತ್ತವನ್ನು ತಿಳಿಯುವ ಯಂತ್ರವನ್ನು ನಿರ್ಮಿಸಿದರು. ಅದೇ ದಶಕದ ಕೊನೆಯಲ್ಲಿ ಅಂಥ ಒಂದು ಯಂತ್ರವು ಕೊಡೈಕನಾಲಿಗೂ ಬಂದಿತು. ಆದರೆ ಸಮುದ್ರಗಳ ಮೇಲೆಯೂ ಮರುಭೂಮಿಗಳ ಮೇಲೆಯೂ ಅಳೆಯುವವರಾರು? ಆ ಕಾರ್ಯಕ್ಕೆ ಕೃತಕ ಉಪಗ್ರಹಗಳು ಒದಗಿದುವು. 1970ರಲ್ಲಿ ನಿಂಬಸ್-4, 1978ರಲ್ಲಿ ನಿಂಬಸ್-7 ಎಂಬ ಅಮೇರಿಕದ ಉಪಗ್ರಹಗಳು, ಭೂಮಿಯಿಂದ ಹಿಂದಿರುಗುವ ಅತಿನೇರಿಳೆ ಬೆಳಕನ್ನು ಅಳೆದು ಓಜೋನಿನ ಲೆಕ್ಕವನ್ನು ಕೊಟ್ಟುವು.

ನೇರವಾಗಿ ಕೆಳಗೆ ನೋಡುವ ಯಂತ್ರಕ್ಕೆ ಒಟ್ಟು ಮೊತ್ತವು ಚೆನ್ನಾಗಿ ತಿಳಿಯುವುದಾದರೂ, ಯಾವ ಎತ್ತರದಲ್ಲಿ ಎಷ್ಟೆಂಬುದು ಅಷ್ಟು ಸ್ಪಷ್ಟವಾಗದು. ಮೇಲಿನಿಂದ ನೋಡಿದವನಿಗೆ ಅಟ್ಟಿಯಲ್ಲಿಟ್ಟ ಪುಸ್ತಕಗಳು ಎಷ್ಟೆಂದು ಕಾಣುವುದಿಲ್ಲ. ಪಕ್ಕದಿಂದ ನೋಡಿದವನು ಎಣಿಸಬಲ್ಲನು. ಹಾಗೆಯೇ 2004ರಲ್ಲಿ ಹಾರಿದ ಆರಾ ಉಪಗ್ರಹದ ಒಂದು ಯಂತ್ರವು ವಾಯುಮಂಡಲದ ಅಂಚನ್ನು ಪಕ್ಕದಿಂದ ನೋಡಿ, ಓಜೋನ್ ಮತ್ತು ಉಷ್ಣತೆಗಳನ್ನು ಎತ್ತರವಾರಾಗಿ ಅಳೆಯಿತು. ಆದರೆ ಟ್ರೋಪೋಪಾಸಿನ ಬಳಿ ಅದು ಬೇರ್ಪಡಿಸಬಲ್ಲ ಪದರದ ದಪ್ಪ ಸುಮಾರು 3 ಕಿಲೋಮೀಟರ್. ಅಷ್ಟರೊಳಗೆ ಉಷ್ಣತೆಯ ಇಳಿತವು ಏರಿಕೆಯಾಗುತ್ತದೆ, ಓಜೋನ್ ಹಲವು ಪಟ್ಟು ಹೆಚ್ಚುತ್ತದೆ. ಈ ಕೊರತೆಯನ್ನು ಉಷ್ಣತೆಯ ಮಟ್ಟಿಗೆ ತುಂಬಿದುದು ಇನ್ನೊಂದು ಉಪಾಯ. ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ರೇಡಿಯೋ ಅಲೆಯು ವಾಯುಮಂಡಲವನ್ನು ಹಾಯುವಾಗ ಸ್ವಲ್ಪ ಬಾಗುವುದು. ಆ ಬಾಗನ್ನು ಬೇರೊಂದು ಉಪಗ್ರಹದಲ್ಲಿ ಅಳೆದರೆ ಗಾಳಿಯ ಸಾಂದ್ರತೆಯೂ ಅದರಿಂದ ಉಷ್ಣತೆಯೂ ದೊರೆಯುವುದು. 2006ರಲ್ಲಿ ಹಾರಿದ ಕಾಸ್ಮಿಕ್ ಎಂಬ ಆರು ಉಪಗ್ರಹಗಳು ಇದನ್ನೇ ಮಾಡಿ, ಕೆಲವು ನೂರು ಮೀಟರುಗಳ ಪದರಗಳನ್ನೂ ಬೇರ್ಪಡಿಸಿ ತೋರಿಸಿದುವು. ಇಂಥ ಅಳತೆಗಳನ್ನೂ ಬಲೂನುಗಳ ಅಳತೆಗಳನ್ನೂ ಜೋಡಿಸಿ ನೋಡಿದಾಗ, ಭೂಮಿ ಬಿಸಿಯಾಗುತ್ತಿರುವಂತೆ ಉತ್ತರಾರ್ಧಗೋಳದ ಟ್ರೋಪೋಪಾಸು ದಶಕಕ್ಕೆ ಸುಮಾರು 50 ಮೀಟರಿನಷ್ಟು ಮೇಲೇರಿರುವುದು ತಿಳಿದುಬಂದಿದೆ.

ವಿದ್ಯಾರ್ಥಿಗಳೇ, ಈಗ ಹೇಳುವುದನ್ನು ವಿಶೇಷವಾಗಿ ಗಮನವಿಟ್ಟು ಕೇಳಿರಿ. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು, ಅಂಟಾರ್ಕ್ಟಿಕದ ಹ್ಯಾಲಿ ಕೇಂದ್ರದಲ್ಲಿ ವಸಂತಕಾಲದ ಓಜೋನ್ ಬಹಳವಾಗಿ ಕುಗ್ಗಿದೆಯೆಂದು ಪ್ರಕಟಿಸಿದರು. ಅವರ ಸಾಧನವು ನೆಲದ ಮೇಲಿನ ಹಳೆಯ ಡಾಬ್ಸನ್ ಯಂತ್ರವೇ. ಹಾಗಾದರೆ ಮೇಲೆ ಸುತ್ತುತ್ತಿದ್ದ ನಿಂಬಸ್-7 ಅದನ್ನು ಕಾಣಲಿಲ್ಲವೇ? ಕಂಡಿತ್ತು. ಆದರೆ ಅಷ್ಟು ಕಡಮೆ ಅಂಕೆಯು ಬರಲಾರದೆಂಬ ಎಣಿಕೆಯಿಂದ, ಗೊತ್ತುಮಾಡಿದ ಮಿತಿಗಿಂತ ಕೆಳಗಿನ ಅಳತೆಗಳಿಗೆ ಗಣಕಯಂತ್ರವು ‘ಸಂಶಯಾಸ್ಪದ’ವೆಂಬ ಗುರುತು ಹಾಕಿತ್ತು. ಪುಣ್ಯಕ್ಕೆ ಯಾರೂ ಅವುಗಳನ್ನು ಅಳಿಸಿರಲಿಲ್ಲ. ಕಾದಿಟ್ಟ ಆ ಅಂಕೆಗಳನ್ನು ಮತ್ತೆ ಪರಿಶೀಲಿಸಿದಾಗ, ಆ ಕುಗ್ಗುವಿಕೆಯು ಇಡೀ ಅಂಟಾರ್ಕ್ಟಿಕವನ್ನೇ ವ್ಯಾಪಿಸಿರುವುದು ಚಿತ್ರದಂತೆ ಕಣ್ಣಿಗೆ ಕಟ್ಟಿತು.

ಅದಕ್ಕೆ ಕಾರಣ, ಶೀತಕಯಂತ್ರ ಮೊದಲಾದುವುಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್ ಎಂಬ ಅನಿಲಗಳು. ಇಲ್ಲಿಯೂ ಉಷ್ಣತೆಯ ಪಾತ್ರವುಂಟು. ಧ್ರುವದ ಚಳಿಗಾಲದಲ್ಲಿ ಸಮೋಷ್ಣ ಮಂಡಲದ ಗಾಳಿಯು ಸೊನ್ನೆಗಿಂತ ಸುಮಾರು 78 ಡಿಗ್ರಿ ಕೆಳಗೆ ಇಳಿದಾಗ ಅಲ್ಲಿ ವಿಶೇಷ ಮೋಡಗಳುಂಟಾಗಿ, ಆ ಮೋಡಗಳ ಕಣಗಳ ಮೇಲೆ ಕ್ಲೋರಿನ್ನು ಓಜೋನನ್ನು ನಾಶಪಡಿಸುವ ರೂಪವನ್ನು ತಾಳುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಜಗತ್ತಿನ ರಾಷ್ಟ್ರಗಳು ಆ ಅನಿಲಗಳನ್ನು ಕ್ರಮವಾಗಿ ಬಿಡುತ್ತ ಬಂದುವು. ಅಂಟಾರ್ಕ್ಟಿಕದ ಓಜೋನ್ ಸುಮಾರು 2066ರ ವೇಳೆಗೆ 1980ರ ಮಟ್ಟಕ್ಕೆ ಮರಳಬಹುದೆಂದು ವಿಶ್ವಸಂಸ್ಥೆಯ ಆಶ್ರಯದಲ್ಲಿ ನಡೆದ 2022ರ ಪರಿಶೀಲನೆಯು ಹೇಳಿದೆ. ಆ ದಿನವನ್ನು ನೋಡತಕ್ಕವರು ನಮ್ಮ ಈ ಮಕ್ಕಳು.

ಪ್ರಯೋಗಶಾಲೆಯಲ್ಲಿ ನಿಮಗೆ ಬಂದ ಅಂಕೆಯು ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಅದನ್ನು ಉಜ್ಜಿ ಅಳಿಸಿ, ಪಕ್ಕದವರ ಅಂಕೆಯನ್ನು ಬರೆದುಕೊಳ್ಳಬೇಡಿರಿ. ಬಂದುದನ್ನು ಬಂದಂತೆ ಬರೆಯಿರಿ. ಸಂಶಯವಿದ್ದರೆ ಸಂಶಯವೆಂದೇ ಗುರುತಿಸಿರಿ. ಮತ್ತೊಮ್ಮೆ, ಸಾಧ್ಯವಾದರೆ ಬೇರೊಂದು ವಿಧಾನದಿಂದ ಅಳೆಯಿರಿ. ಪೋಷಕರಲ್ಲಿ ನನ್ನದೊಂದು ವಿನಂತಿ: ಮಗುವಿನ ಉತ್ತರ ತಪ್ಪೆಂದು ಗದರಿಸುವ ಮೊದಲು, ‘ನೀನು ಹೇಗೆ ಅಳೆದೆ ಮಗು?’ ಎಂದು ಒಂದು ಮಾತು ಕೇಳಿರಿ.

ಈ ವರ್ಷದಿಂದ ನಮ್ಮ ವಿಜ್ಞಾನ ಸಂಘದ ಸದಸ್ಯರು ಶಾಲೆಯ ಅಂಗಳದಲ್ಲಿ ದಿನದ ಉಷ್ಣತೆಯನ್ನೂ ಮಳೆಯನ್ನೂ ಅಳೆದು, ಒಂದು ದಿನವೂ ತಪ್ಪದೆ, ಒಂದು ಅಂಕೆಯನ್ನೂ ತಿದ್ದದೆ ಪುಸ್ತಕದಲ್ಲಿ ಬರೆದಿಡಬೇಕೆಂದು ನನ್ನ ಅಪೇಕ್ಷೆ. ದೊಡ್ಡ ಉಪಗ್ರಹಕ್ಕೂ ನಮ್ಮ ಸಣ್ಣ ಉಷ್ಣಮಾಪಕಕ್ಕೂ ಇರುವ ಧರ್ಮವು ಒಂದೇ.