ಅಬ್ಬಾರ ಕ್ಯಾಬಿನೆಟ್

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಿಕ್ಷಣ ಮತ್ತು ತಂತ್ರಜ್ಞಾನ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಉರ್ದು ಮತ್ತು ಕನ್ನಡ ಕಲಿಸುವವಳು. ಅಷ್ಟು ದೊಡ್ಡ ವಿಷಯ ನನ್ನ ಅಳವಿಗೆ ಮೀರಿದ್ದು. ಆದ್ದರಿಂದ ನಮ್ಮ ಮನೆಯ ಒಂದು ತಗಡಿನ ಡಬ್ಬಿಯ ಕಥೆ ಹೇಳುತ್ತೇನೆ.

ನನ್ನ ತಂದೆ ಕಾತಿಬರಾಗಿದ್ದರು. ಉರ್ದು ಪತ್ರಿಕೆಗೆ, ಮದುವೆ ಪತ್ರಿಕೆಗಳಿಗೆ ಕಲಂ ಮಸಿಗೆ ಅದ್ದಿ ನಸ್ತಾಲೀಖ್ ಬರೆಯುತ್ತಿದ್ದರು. ಒಂದಕ್ಷರ ಇನ್ನೊಂದರ ಹೆಗಲ ಮೇಲೆ ಕೂತು ಓರೆಯಾಗಿ ಇಳಿಯುವ ಆ ಲಿಪಿಯನ್ನು ಯಂತ್ರ ಬರೆಯಲಾರದೆಂದೇ ಬಹಳ ಜನ ನಂಬಿದ್ದರು. 1981ರಲ್ಲಿ ಪಾಕಿಸ್ತಾನದ 'ಜಂಗ್' ಪತ್ರಿಕೆ ನೂರಿ ನಸ್ತಾಲೀಖ್ ಎಂಬ ಕಂಪ್ಯೂಟರ್ ಅಕ್ಷರಗಳಲ್ಲಿ ಅಚ್ಚಾಯಿತು. 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ನಮ್ಮೂರಿನ ಮುದ್ರಣಾಲಯಗಳಿಗೂ ಕಾತಿಬರು ಬೇಡವಾದರು. ಅಬ್ಬಾ ಯಾರನ್ನೂ ಬೈಯಲಿಲ್ಲ. 2001ರಲ್ಲಿ ಸಾಲ ಮಾಡಿ ಒಂದು ಅಸೆಂಬಲ್ಡ್ ಕಂಪ್ಯೂಟರ್ ತಂದರು. ಐವತ್ತು ದಾಟಿದ ಮೇಲೆ ಒಂದೊಂದೇ ಬೆರಳಿನಿಂದ ಕೀಲಿ ಒತ್ತಿ ಇನ್‌ಪೇಜ್ ಕಲಿತರು. ನನ್ನ ಬಿ.ಇಡ್. ಫೀಸಿನವರೆಗೂ ಅದರ ದುಡಿಮೆ ಬಂತು.

ಅವರು 2019ರಲ್ಲಿ ತೀರಿಕೊಂಡರು. ಕಂಪ್ಯೂಟರ್ ಅದಕ್ಕೂ ಮೊದಲೇ ಕೆಟ್ಟಿತ್ತು. 2023ರ ಬೇಸಿಗೆ ರಜೆಯಲ್ಲಿ ಅಮ್ಮಿ ಮನೆ ಒಪ್ಪ ಮಾಡುತ್ತ, "ಗುಜರಿಯವನು ಬಂದಿದ್ದಾನೆ, ಕೊಡಲಾ?" ಎಂದರು. ಹಳದಿಗಟ್ಟಿದ ಆ ಡಬ್ಬಿಯ ಬದಿಯಲ್ಲಿ ಅಬ್ಬಾ ಮಾರ್ಕರ್‌ನಿಂದ ತಮ್ಮ ಹೆಸರು ಬರೆದಿದ್ದರು, ನಸ್ತಾಲೀಖ್‌ನಲ್ಲೇ. ಕೊಡಲು ಮನಸ್ಸು ಬರಲಿಲ್ಲ. ಹೇಗೂ ನನಗೊಂದು ಕಂಪ್ಯೂಟರ್ ಬೇಕಿತ್ತು. ಇದರೊಳಗೇ ಕಟ್ಟಿದರೆ ಹೇಗೆ ಎಂದು ಅಣ್ಣನ ಮಗನನ್ನು ಕೇಳಿದೆ. ಅವನು ಒಂಬತ್ತನೇ ತರಗತಿ. "ಫುಪ್ಪು, ಗಾಜಿನ ಬಾಗಿಲು, ಬಣ್ಣದ ಲೈಟು ಇರೋದು ತಗೊಳ್ಳೋಣ, ಇದು ಬೇಡ" ಎಂದ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವರೂ, "ಮೇಡಂ, ಹೊಸ ಕ್ಯಾಬಿನೆಟ್ಟೇ ಎರಡು ಸಾವಿರಕ್ಕೆ ಬರುತ್ತೆ, ಇದ್ಯಾಕೆ ಹೊತ್ಕೊಂಡು ಬಂದ್ರಿ?" ಎಂದು ನಕ್ಕರು.

ಆದರೆ ಕೂರುತ್ತದೆ. ಇದನ್ನು ಮಕ್ಕಳು ಗಮನಿಸಬೇಕು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ಮದರ್‌ಬೋರ್ಡಿನ ತಿರುಪಿನ ತೂತುಗಳು ಎಲ್ಲಿರಬೇಕು, ಎಸ್‌ಎಂಪಿಎಸ್ಸಿನ ನಾಲ್ಕು ತಿರುಪುಗಳು ಎಲ್ಲಿ ಬರಬೇಕು, ವೈರು ಸಿಕ್ಕಿಸುವ ಹಿಂಬದಿಯ ಕಿಂಡಿ ಎಷ್ಟಿರಬೇಕು (ಆರೂಕಾಲು ಅಂಗುಲ ಉದ್ದ, ಒಂದೂಮುಕ್ಕಾಲು ಅಂಗುಲ ಎತ್ತರ) ಎಲ್ಲವೂ ಅದರಲ್ಲಿದೆ. ಒಳಗಿನ ಚಿಪ್ಪುಗಳು ಎಷ್ಟು ತಲೆಮಾರು ಬದಲಾದರೂ ಈ ತೂತುಗಳು ಬದಲಾಗಿಲ್ಲ. ಎಲ್ಲ ಹಳೆಯ ಡಬ್ಬಿಗೂ ಈ ಮಾತು ಹೊಂದುವುದಿಲ್ಲ. ದೊಡ್ಡ ಕಂಪನಿಗಳ ಸಿದ್ಧ ಕಂಪ್ಯೂಟರುಗಳಲ್ಲಿ ಎಷ್ಟೋ ಸಲ ಅವರದೇ ಆಕಾರದ ಬೋರ್ಡು ಇರುತ್ತದೆ, ಅಲ್ಲಿ ಬೇರೆಯದು ಕೂರದು.

ಹಳೆಯ ಎಸ್‌ಎಂಪಿಎಸ್ಸನ್ನು ಮಾತ್ರ ಆಸೆಪಟ್ಟು ಉಳಿಸಿಕೊಳ್ಳಬಾರದು. ಆಗ ಬೋರ್ಡಿಗೆ 20 ಪಿನ್ನು, ಈಗ 24, ಜೊತೆಗೆ ಪ್ರೊಸೆಸರಿಗೇ ಪ್ರತ್ಯೇಕ 12 ವೋಲ್ಟಿನ ವೈರು ಬೇಕು. 450 ವ್ಯಾಟಿನ ಹೊಸದು ಕೊಂಡೆವು. ಪ್ರೊಸೆಸರ್ ಎಎಂಡಿಯ ರೈಜನ್ 5 5600ಜಿ. ಚಿತ್ರ ತೋರಿಸುವ ಭಾಗ ಅದರೊಳಗೇ ಇರುವುದರಿಂದ ಗ್ರಾಫಿಕ್ಸ್ ಕಾರ್ಡಿನ ಖರ್ಚಿಲ್ಲ, ಜೊತೆಗೆ ಬರುವ ಗಿಡ್ಡ ಫ್ಯಾನು ಇಕ್ಕಟ್ಟಾದ ಡಬ್ಬಿಯಲ್ಲಿ ಹಿಡಿಸುತ್ತದೆ. 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ. ಎಲ್ಲ ಸೇರಿ 27 ಸಾವಿರದ ಚಿಲ್ಲರೆ.

ಮೊದಲ ದಿನ ಒರೆಸುವುದರಲ್ಲೇ ಹೋಯಿತು. ತಳದ ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿ ಬಣ್ಣ ಹಚ್ಚಿದೆವು. ಹುಡುಗ ಹೊರಗೂ ಕಪ್ಪು ಬಣ್ಣ ಹೊಡೆಯೋಣವೆಂದ. ನಾನು ಒಪ್ಪಲಿಲ್ಲ. ಫ್ಲಾಪಿ ಇದ್ದ ಜಾಗದಲ್ಲಿ ಯುಎಸ್‌ಬಿಯ ಪಟ್ಟಿ ಕೂರಿಸಿದ್ದು ಅವನ ಉಪಾಯ. ಅಳತೆ ಸರಿಯಾಗಿ ಹೊಂದಿತು. ಮುಂಭಾಗದಲ್ಲಿ ಫ್ಯಾನಿಗೆಂದು ಬಿಟ್ಟಿದ್ದ ಜಾಗ ಇಷ್ಟು ವರ್ಷ ಖಾಲಿಯೇ ಇತ್ತು. ಅಲ್ಲಿ 80 ಮಿ.ಮೀ.ನ ಒಂದು ಫ್ಯಾನು ಹಾಕಿ ಗಾಳಿಯ ದಾರಿ ಮಾಡಿದೆವು.

ನನ್ನ ತಪ್ಪೂ ಹೇಳಬೇಕು. ಬೋರ್ಡಿನ ಕೆಳಗೆ ಹಿತ್ತಾಳೆಯ ಗಿಡ್ಡ ಕಂಬಗಳಿರುತ್ತವೆ. ಹಳೆಯ ಬೋರ್ಡು ದೊಡ್ಡದು, ಹೊಸದು ಚಿಕ್ಕದು. ಒಂದು ಕಂಬ ತೂತಿಲ್ಲದ ಕಡೆ ಉಳಿದಿತ್ತು, ನಾನು ನೋಡದೆ ಬೋರ್ಡು ಇಡಲು ಹೋದೆ. ಹಾಗೇ ಕರೆಂಟು ಕೊಟ್ಟಿದ್ದರೆ ಶಾರ್ಟ್ ಆಗಿ ಅಷ್ಟೂ ದುಡ್ಡು ಹೊಗೆಯಾಗಬಹುದಿತ್ತು. "ಫುಪ್ಪು, ತಡೀರಿ" ಎಂದವನು ಆ ಹುಡುಗ. ಗಣಿತದಲ್ಲಿ ಅವನಿಗೆ ಬರುವ ಅಂಕಗಳನ್ನು ಇಲ್ಲಿ ಹೇಳುವುದಿಲ್ಲ.

ಆಮೇಲೆ ಮುಂಭಾಗದ ಸಣ್ಣ ವೈರುಗಳು. ಹಳೆಯ ಡಬ್ಬಿಯ ದೀಪದ ಪ್ಲಗ್ಗಿಗೆ ಮೂರು ಕಿಂಡಿ, ನಡುವಿನದು ಖಾಲಿ. ಹೊಸ ಬೋರ್ಡಿನಲ್ಲಿ ಎರಡು ಪಿನ್ನು ಪಕ್ಕಪಕ್ಕ. ಹೊಲಿಗೆ ಸೂಜಿಯಿಂದ ಪ್ಲಾಸ್ಟಿಕ್ಕಿನ ನಾಲಗೆ ಎತ್ತಿ ಒಂದು ವೈರನ್ನು ನಡುವಿಗೆ ಸರಿಸಿದೆವು.

ಸಂಜೆ ಸ್ವಿಚ್ ಒತ್ತಿದರೆ ಏನೂ ಇಲ್ಲ. ರ‍್ಯಾಮ್ ತೆಗೆದು ಹಾಕಿದೆವು, ವೈರು ನೋಡಿದೆವು, ಇಲ್ಲ. ಅಮ್ಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಕೊನೆಗೆ ಸ್ವಿಚ್ಚಿನ ಪ್ಲಗ್ಗು ಕಿತ್ತು, ಬೋರ್ಡಿನ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಮ್ಮೆ ಮುಟ್ಟಿಸಿದೆ. ಫ್ಯಾನು ತಿರುಗಿತು. ಬೋರ್ಡು ಚೆನ್ನಾಗಿಯೇ ಇತ್ತು, ಅಬ್ಬಾ ಅಷ್ಟು ವರ್ಷ ಒತ್ತಿದ ಗುಂಡಿ ಸವೆದಿತ್ತು. ಪವರ್ ಗುಂಡಿಯೂ ರಿಸೆಟ್ ಗುಂಡಿಯೂ ಕ್ಷಣಮಾತ್ರ ಎರಡು ತಂತಿ ಮುಟ್ಟಿಸುವಂಥವೇ. ರಿಸೆಟ್ಟಿನ ಪ್ಲಗ್ಗನ್ನು ಪವರ್ ಜಾಗಕ್ಕೆ ಹಾಕಿದೆವು. ಇಂದಿಗೂ ನಮ್ಮ ಮನೆಯ ಕಂಪ್ಯೂಟರ್ ಆನ್ ಆಗುವುದು ರಿಸೆಟ್ ಒತ್ತಿದರೆ. ದೊಡ್ಡ ಗುಂಡಿ ಸುಮ್ಮನೆ ಶೋಭೆಗೆ.

ಹಳೆಯ 20 ಜಿಬಿ ಹಾರ್ಡ್‌ಡಿಸ್ಕಿನ ಪಟ್ಟಿವೈರು ಹೊಸ ಬೋರ್ಡಿಗೆ ಹೊಂದದು, ಯುಎಸ್‌ಬಿ ಅಡಾಪ್ಟರ್ ತರಬೇಕಾಯಿತು. ಡಿಸ್ಕು ಟಕ್ ಟಕ್ ಎಂದು ನಿಂತಿತು. ಎರಡನೇ ಸಲ ತಿರುಗಿತು. ಕೆಲವು ಫೈಲು ಹಾಳಾಗಿದ್ದವು, ಹೆಚ್ಚಿನವು ಬಂದವು. ಊರಿನ ಎಷ್ಟೋ ಮನೆಗಳ ಮದುವೆ ಪತ್ರಿಕೆಗಳು, ನನ್ನ ಅಣ್ಣನದೂ. ಹಳೆಯ ಇನ್‌ಪೇಜ್ ಫೈಲುಗಳು ಯೂನಿಕೋಡ್ ಅಲ್ಲ. ಅದರ ಅಕ್ಷರಗಳನ್ನು ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ಗೀಟುಗಳಾಗುತ್ತವೆ. ನುಡಿಯ ಹಳೆಯ ಫೈಲುಗಳ ಕಷ್ಟ ಕಂಡ ಕನ್ನಡ ಮೇಷ್ಟ್ರುಗಳಿಗೆ ಇದು ಗೊತ್ತಿರುತ್ತದೆ. ಪರಿವರ್ತಕದಿಂದ ಒಂದೊಂದಾಗಿ ಬದಲಾಯಿಸುತ್ತಿದ್ದೇನೆ. ಈಗ ಆ ಡಬ್ಬಿಯಲ್ಲಿ ಒಂದೇ ಪುಟದ ಮೇಲೆ ಉರ್ದು ಮತ್ತು ಕನ್ನಡ ಎರಡೂ ಪ್ರಶ್ನೆಗಳನ್ನು ಹೊಂದಿಸುತ್ತೇನೆ. ಅಬ್ಬಾ ಅದಕ್ಕಾಗಿ ಎರಡು ಹಾಳೆ ಮುದ್ರಿಸಿ, ಕತ್ತರಿಸಿ ಅಂಟಿಸುತ್ತಿದ್ದರು.

ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ನಮ್ಮ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಧೂಳು ಹಿಡಿದ ಒಂಬತ್ತು ಕ್ಯಾಬಿನೆಟ್ಟುಗಳಿವೆ, ನಾನು ಎಣಿಸಿದ್ದೇನೆ. ಎಲ್ಲಕ್ಕೂ ಜೀವ ಬರುತ್ತದೆಂದು ನಾನು ಹೇಳುವುದಿಲ್ಲ. ಗುಜರಿಗೆ ಹಾಕುವ ಮೊದಲು ಎರಡನ್ನು ನಮಗೆ ಕೊಡಿ. ಶನಿವಾರ ಶಾಲೆ ಬಿಟ್ಟ ಮೇಲೆ ಒಂಬತ್ತನೇ ತರಗತಿಯ ಹುಡುಗಿಯರೂ ಹುಡುಗರೂ ಬಿಚ್ಚಿ ನೋಡಲಿ. ಸ್ಕ್ರೂಡ್ರೈವರ್ ನಾನು ತರುತ್ತೇನೆ.